ಬಿಡಿ, ಹಗ್ಗ ಬಿಡಿ!

ಹಗ್ಗ ಜಗ್ಗಿದರೆ ಗಂಟೆ ಹೊಡೆದುಕೊಳ್ಳುತ್ತದೆ, ಇದರಲ್ಲಿ ಕಲಿಯುವುದೇನು, ಕಲಿಸುವುದೇನು ಎಂದುಕೊಂಡಿದ್ದೆ. ನಮ್ಮ ಗುಡಿಯ ಗಂಟೆಯನ್ನು ಅಪ್ಪನ ಹೆಗಲೇರಿದ ಕೂಸೂ ಬಾರಿಸುತ್ತದಲ್ಲ! ಆದರೆ ಇಂಗ್ಲೆಂಡಿನ ಚರ್ಚ್ ಗೋಪುರಗಳಲ್ಲಿ ಗಂಟೆ ಬರೀ ತೂಗಾಡುವುದಿಲ್ಲ, ಮಗುಚುತ್ತದೆ! ದೊಡ್ಡ ಗಾಲಿಗೆ ಕಟ್ಟಿದ ಗಂಟೆ ಬಾಯಿ ಮೇಲೆ ಮಾಡಿ ನಿಂತಿರುತ್ತದೆ. ಕೆಳಗಿನಿಂದ ಜಗ್ಗಿದೊಡನೆ ಉರುಳಿ, ಪೂರ್ತಿ ಒಂದು ಸುತ್ತು ಹೊಡೆದು, ಮತ್ತೆ ಬಾಯಿ ಮೇಲಾಗುತ್ತದೆ. ಮರುಜಗ್ಗಿಗೆ ಬಂದ ದಾರಿಯಲ್ಲೇ ವಾಪಸ್ಸು. ಲಿವರ್‌ಪೂಲ್ ಕೆಥೀಡ್ರಲ್‌ನಲ್ಲಿ ಹೀಗೆ ಮಗುಚುವ ಅತಿ ದೊಡ್ಡ ಗಂಟೆ 4 ಟನ್ನಿಗೂ ಹೆಚ್ಚು ಭಾರ!

ಅಷ್ಟು ಭಾರವನ್ನು ಆಡಿಸುವುದು ತೋಳ್ಬಲವಲ್ಲ, ಹದ. ತುತ್ತತುದಿಯಲ್ಲಿ ಗಂಟೆ ಒಂದು ಕ್ಷಣ ತೂಕವೇ ಇಲ್ಲದಂತಾಗುತ್ತದೆ. ಆ ಕ್ಷಣವನ್ನು ಬೆರಳಲ್ಲಿ ಹಿಡಿದವರೇ ಗಂಟೆಗಾರರು.

ಇದನ್ನು ಹೊಸಬರಿಗೆ ದಾಟಿಸುವುದು ಹೇಗೆ? ಅದಕ್ಕೇ ಒಂದು ವಿದ್ಯೆಯಿದೆ! ಹಗ್ಗದ ನಡುವೆ ಬಣ್ಣದ ಉಣ್ಣೆ ಸುತ್ತಿದ ದಪ್ಪ ಹಿಡಿಯುಂಟು, ಅದರ ಹೆಸರು ಸ್ಯಾಲಿ. ಒಂದು ಹೊಡೆತಕ್ಕೆ ಸ್ಯಾಲಿಯನ್ನು ಎಳೆದು ಬಿಡಬೇಕು, ಮರುಹೊಡೆತಕ್ಕೆ ಹಗ್ಗದ ತುದಿಯನ್ನು ಎಳೆದು, ಮೇಲಿಂದ ಬರುವ ಸ್ಯಾಲಿಯನ್ನು ಮತ್ತೆ ಹಿಡಿಯಬೇಕು. ಕಲಿಸುವವರು ಈ ಜೋಡಿಯನ್ನೇ ಸೀಳುತ್ತಾರೆ. ಮೊದಲು ಶಿಷ್ಯನಿಗೆ ತುದಿ, ಗುರುವಿಗೆ ಸ್ಯಾಲಿ, ಆಮೇಲೆ ಅದಲುಬದಲು, ಕೊನೆಗೆ ಎರಡೂ ಶಿಷ್ಯನ ಕೈಗೆ. ಒಂದೇ ಗಂಟೆ, ನಾಲ್ಕು ಕೈ! ಗುರು ಎದುರಿಗೆ ನಿಂತು, ಹಗ್ಗದ ಒಂದು ಸೆಳೆತದಲ್ಲೇ ಕಾಣದ ಗಂಟೆ ಎಲ್ಲಿದೆಯೆಂದು ಅರಿಯಬೇಕು. ನಲವತ್ತು ವರ್ಷ ಬಾರಿಸಿದವರಿಗೂ ಇದು ಹೊಸ ಪಾಠ, ಏಕೆಂದರೆ ತಮ್ಮ ಕೈ ತಾನೇ ಮಾಡುತ್ತಿದ್ದುದನ್ನು ಈಗ ಬಾಯಲ್ಲಿ ಹೇಳಬೇಕಲ್ಲ.

ಹೊಸಬರ ಗಂಡಾಂತರ ಒಂದೇ: ಗಾಬರಿಯಾದಾಗ ಹಗ್ಗವನ್ನು ಇನ್ನೂ ಬಿಗಿಹಿಡಿಯುವುದು. ಸ್ಯಾಲಿ ಬಿಡದಿದ್ದರೆ ಅದು ಆಳನ್ನೇ ಎತ್ತಿಕೊಂಡು ಚಾವಣಿಯತ್ತ ಹೊರಡುತ್ತದೆ! ಗಂಟೆ ತುದಿ ದಾಟದಂತೆ ತಡೆಯಲು ಮೇಲೆ ಸ್ಟೇ ಎಂಬ ಮರದ ಗೂಟವಿದೆ. ಜೋರಾಗಿ ಬಡಿದರೆ ಅದು ಮುರಿಯುತ್ತದೆ, ಮುರಿಯಲೆಂದೇ ಇಟ್ಟದ್ದು, ಚೌಕಟ್ಟಿನ ಬದಲು ತಾನು ಹೋಗಲೆಂದು. ಆಗ ಹಗ್ಗ ಹಾವಿನಂತೆ ಮೇಲಕ್ಕೆ ಚಿಮ್ಮುತ್ತದೆ. ಆ ಗಳಿಗೆಗೆ ಗುರುವಿನ ಬಾಯಲ್ಲಿ ಒಂದೇ ಮಾತು ಸಿದ್ಧವಿರಬೇಕು: ಬಿಡಿ!

ಇಷ್ಟೆಲ್ಲ ಪಾಡು ಯಾತಕ್ಕೆ? ಅಲ್ಲಿ ಬಾರಿಸುವುದು ಹಾಡನ್ನಲ್ಲ, ಗಣಿತವನ್ನು! ಭಾರದ ಗಂಟೆಯ ವೇಗವನ್ನು ಥಟ್ಟನೆ ಬದಲಿಸಲಾಗದು, ಹಾಗಾಗಿ ಪ್ರತಿ ಸರದಿಯಲ್ಲೂ ಅಕ್ಕಪಕ್ಕದ ಗಂಟೆಗಳಷ್ಟೇ ಜಾಗ ಬದಲಿಸಿಕೊಳ್ಳುತ್ತವೆ. ಒಮ್ಮೆ ಬಂದ ಕ್ರಮ ಮತ್ತೆ ಬರಕೂಡದು. ಏಳು ಗಂಟೆಗಳಿದ್ದರೆ 5,040 ಕ್ರಮ, ಬಾರಿಸಲು ಸುಮಾರು ಮೂರು ತಾಸು. 17ನೇ ಶತಮಾನದ ಲಂಡನ್ನಿನ ಮುದ್ರಕ ಫೇಬಿಯನ್ ಸ್ಟೆಡ್‌ಮನ್ ಈ ವಿದ್ಯೆಯ ಪುಸ್ತಕವನ್ನು 1668ರಲ್ಲೇ ಪ್ರಕಟಿಸಿದ. ಇಲ್ಲಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ: 13ನೇ ಶತಮಾನದ ‘ಸಂಗೀತ ರತ್ನಾಕರ’ದಲ್ಲಿ ಶಾರ್ಙ್ಗದೇವ ಸಪ್ತಸ್ವರಗಳನ್ನು ಅದಲುಬದಲು ಮಾಡಿ ಎಣಿಸಿದ್ದೂ ಅದೇ 5,040! ಗಂಟೆಗಳು ಎಂಟಾದರೆ 40,320. 1963ರ ಜುಲೈಯಲ್ಲಿ ಲಫ್‌ಬರೋದ ಗಂಟೆ ಎರಕದಮನೆಯಲ್ಲಿ ಎಂಟು ಜನ ಅದನ್ನೂ ಮುಗಿಸಿದರು, ಹೆಚ್ಚುಕಡಿಮೆ 18 ತಾಸು, ಒಬ್ಬರೂ ಕೈ ಬದಲಿಸದೆ!

ಕಲಿಸುವವರಿಲ್ಲದೆ ಇದು ಒಂದು ತಲೆಮಾರಿಗೇ ನಿಂತೀತು. ಮೊದಲ ಮಹಾಯುದ್ಧದಲ್ಲಿ ಮಡಿದ 1,400 ಗಂಟೆಗಾರರ ನೆನಪಿಗೆ ಅಷ್ಟೇ ಹೊಸಬರನ್ನು ತಯಾರು ಮಾಡುವ ಅಭಿಯಾನ 2018ರಲ್ಲಿ ನಡೆಯಿತು. ಬಂದವರು ಅದಕ್ಕೂ ಹೆಚ್ಚು.

ಆ ಹೊಸಬರ ತಪ್ಪುಗಳು ಊರಿಗೆ ಕೇಳುವುದಿಲ್ಲ. ಕಲಿಯುವವರ ಗಂಟೆಗೆ ನಾಲಿಗೆ ಕಟ್ಟಿಡುವುದು ವಾಡಿಕೆ. ವಾರಗಟ್ಟಲೆ ಗಾಲಿ ಕಿರುಗುಟ್ಟುತ್ತದೆ, ಹಗ್ಗ ಏರಿಳಿಯುತ್ತದೆ, ಸದ್ದಿಲ್ಲ. ಆಮೇಲೊಂದು ದಿನ ಗುರು ಏಣಿ ಹತ್ತಿ ಹೋಗಿ ಆ ಕಟ್ಟು ಬಿಚ್ಚಿ ಬರುತ್ತಾರೆ.