ಹೀರೆ ಹೂವಿಗೆ ಬರುವ ಸಂಜೆಯ ನೆಂಟರು

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಮಲೆನಾಡಿನ ಹಿತ್ತಿಲುಗಳಲ್ಲಿ ಹೀರೆ, ಸೌತೆ, ಹಾಗಲದ ಬೀಜ ಮಣ್ಣು ಸೇರಿರುತ್ತದೆ. ಶ್ರಾವಣದ ಹೊತ್ತಿಗೆ ಬಳ್ಳಿ ಚಪ್ಪರ ಏರಿ ಹೂ ಬಿಡುತ್ತದೆ. ದೂರು ಶುರುವಾಗುವುದೂ ಆಗಲೇ: "ಹೂವೇನೋ ರಾಶಿ ಬಿಟ್ಟಿದೆ, ಒಂದೂ ಕಾಯಿ ಕಚ್ತಿಲ್ಲ."

ಗೊಬ್ಬರ ಸುರಿಯುವ ಮೊದಲು ಸಂಜೆ ಚಪ್ಪರದ ಕೆಳಗೆ ನಿಂತು ನೋಡಿ. ಹೀರೆ ಹೂ ಅರಳುವುದೇ ಇಳಿಹೊತ್ತಿನಲ್ಲಿ. ಗೊಂಚಲಾಗಿ ಬರುವುದು ಗಂಡು ಹೂ. ಒಂಟಿಯಾಗಿ, ಬುಡದಲ್ಲಿ ಪುಟ್ಟ ಮಿಡಿ ಹೊತ್ತಿರುವುದು ಹೆಣ್ಣು. ಬಳ್ಳಿ ಮೊದಮೊದಲು ಬಿಡುವುದೆಲ್ಲ ಗಂಡು ಹೂವೇ, ಹಾಗಾಗಿ ಆಗ ಕಾಯಿ ಇಲ್ಲದಿರುವುದು ಸಹಜ. ಹೆಣ್ಣು ಹೂ ಬಂದ ಮೇಲೂ ಮಿಡಿ ಹಳದಿಯಾಗಿ ಉದುರುತ್ತಿದ್ದರೆ, ಹೆಚ್ಚಾಗಿ ಪರಾಗ ತಲುಪಿಲ್ಲವೆಂದೇ ಅರ್ಥ.

ಅದನ್ನು ತಲುಪಿಸುವವರು ಮುಸ್ಸಂಜೆಯ ಪತಂಗಗಳು, ಕತ್ತಲಾಗುವ ಮುನ್ನ ಬಂದುಹೋಗುವ ಜೇನುಗಳು. ಹೂವಿನ ಮೇಲೆ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಇವರೇ. ಹಿತ್ತಿಲ ದೀಪ ಉರಿಯುತ್ತಿದ್ದರೆ ಪತಂಗ ಹೂವನ್ನು ಬಿಟ್ಟು ಬಲ್ಬನ್ನು ಸುತ್ತುತ್ತದೆ. ಹೂ ಬಿಡುವ ದಿನಗಳಲ್ಲಾದರೂ ಆ ದೀಪ ಆರಿಸಿಡಿ. ಜಡಿಮಳೆಗೆ ಯಾರೂ ಬಾರದಿದ್ದರೆ ಗಂಡು ಹೂ ಕಿತ್ತು, ಅದರ ಕೇಸರವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒರೆಸಿ. ಕಾಯಿ ಕಚ್ಚಿದ ಮೇಲೆ ಹಣ್ಣುನೊಣದ ಕಾಟಕ್ಕೂ ಔಷಧಿ ಬೇಕಿಲ್ಲ. ಎಳೆಗಾಯಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಕೊಳೆತು ಬಿದ್ದದ್ದನ್ನು ಆಳವಾಗಿ ಹೂತುಬಿಡಿ.

ನನಗೆ ಹೆಚ್ಚು ಸಂಕಟವಾಗುವುದು ಕರಿಬೇವಿನ ವಿಷಯದಲ್ಲಿ. ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂಥ ಕಂದು-ಬಿಳಿ ಹುಳ ಕಂಡೊಡನೆ ಜನ ಸ್ಪ್ರೇ ಬಾಟಲಿ ಹುಡುಕುತ್ತಾರೆ. ನಾಳೆ ಒಗ್ಗರಣೆಗೆ ಬೀಳುವುದು ಅದೇ ಎಲೆ! ಆ ಹುಳ ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಬೆಳೆದಂತೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲುಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಈ ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವು, ಹಕ್ಕಿಗಳು ತಿನ್ನದ ವಿಷಚಿಟ್ಟೆಯ ವೇಷ ತೊಟ್ಟು ಬದುಕುತ್ತವೆ. ಇಂಥ ಜೀವಕ್ಕೆ ಹತ್ತಾರು ಎಸಳು ಹೋದರೆ ಹೋಗಲಿ, ಬಲಿತ ಗಿಡ ಮತ್ತೆ ಚಿಗುರುತ್ತದೆ.

ಗಿಡ ಇನ್ನೂ ಮೊಣಕಾಲೆತ್ತರದ್ದಾದರೆ ಹುಳವಿರುವ ಎಲೆಯನ್ನೇ ಕಿತ್ತು ನಿಂಬೆ ಗಿಡದ ಮೇಲಿಡಿ, ಅದೂ ಇದರ ಊಟವೇ. ಜಾಗ ಇರುವವರು ಇನ್ನೊಂದು ಕರಿಬೇವು ನೆಡಬಹುದು. ಹಳೆಯ ಗಿಡದ ಬುಡದಲ್ಲೆದ್ದ ಮರಿಯನ್ನು ಬೇರುಸಹಿತ ಕಿತ್ತು ನೆಡಲು ಮಳೆಗಾಲವೇ ಸರಿಯಾದ ಹೊತ್ತು.