ನೆಲದಡಿ ಸಾಗುವ ಸರಕು: ನಿಮ್ಮ ಜಮೀನಿನ ಹಕ್ಕೇನು?



ನೀವು ಸಂಘಕ್ಕೆ ಹಾಕಿದ ಹಾಲು ಬಲ್ಮಠದ ಅಂಗಡಿಗೆ ಪ್ಯಾಕೆಟ್ಟಾಗಿ ವ್ಯಾನಿನಲ್ಲಿ ಬರುತ್ತದೆ. ಆದರೆ ಎಲ್ಲ ಸರಕಿಗೂ ರಸ್ತೆಯೇ ಬೇಕೆಂದಿಲ್ಲ. ಲಂಡನ್ನಿನಲ್ಲಿ 1927ರಿಂದ 2003ರವರೆಗೆ ಚಾಲಕರಿಲ್ಲದ ಪುಟ್ಟ ವಿದ್ಯುತ್ ರೈಲುಗಳು ಸುರಂಗದಲ್ಲಿ ಅಂಚೆ ಚೀಲಗಳನ್ನು ಒಯ್ಯುತ್ತಿದ್ದವು. ನಮ್ಮಲ್ಲಿ ಕುದುರೆಮುಖದ ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟದಿಂದ ಪಣಂಬೂರಿಗೆ ಇಳಿಸಲಾಗುತ್ತಿತ್ತು. ಅಲ್ಲಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಇಂದಿಗೂ ನೆಲದಡಿಯ ಕೊಳವೆಯಲ್ಲೇ ಹೋಗುತ್ತವೆ.

ಇಂತಹ ಕೊಳವೆ ರೈತರ ಜಮೀನಿನಡಿಯೂ ಹಾದುಹೋಗುತ್ತದೆ. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗ ಕಾಯ್ದೆಯಂತೆ ಜಮೀನಿನ ಒಡೆತನ ನಿಮ್ಮಲ್ಲೇ ಉಳಿಯುತ್ತದೆ. ಕೊಳವೆ ಹಾಕುವವರಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ. ಅಧಿಸೂಚನೆ ಪ್ರಕಟವಾದಾಗ ಆಕ್ಷೇಪಣೆ ಇದ್ದರೆ 21 ದಿನಗಳೊಳಗೆ ಬರಹದಲ್ಲಿ ಸಲ್ಲಿಸಬೇಕು. ಕಾಮಗಾರಿಯಿಂದಾದ ಬೆಳೆ, ಮರಗಳ ನಷ್ಟಕ್ಕೆ ಪರಿಹಾರ ಸಿಗುತ್ತದೆ. ಅದಲ್ಲದೆ ಬಳಕೆಯ ಹಕ್ಕಿಗಾಗಿ ಆ ಪಟ್ಟಿಯ ಮಾರುಕಟ್ಟೆ ಬೆಲೆಯ ಶೇ. 10ರಷ್ಟು ಹಣವನ್ನು ಕೊಡಬೇಕು.

ಇನ್ನು ನಿರ್ಬಂಧಗಳು. ಕೊಳವೆ ಹಾದ ಪಟ್ಟಿಯ ಮೇಲೆ ಮನೆ, ಕೊಟ್ಟಿಗೆ ಕಟ್ಟುವಂತಿಲ್ಲ. ಬಾವಿ, ಕೆರೆ ತೋಡುವಂತಿಲ್ಲ. ಅಡಿಕೆ, ತೆಂಗು ಮೊದಲಾದ ಮರ ನೆಡುವಂತಿಲ್ಲ. ಮೇವಿನ ಹುಲ್ಲು ಬೆಳೆಯಲು ಕಾಯ್ದೆಯ ಅಡ್ಡಿಯಿಲ್ಲ.

ಆದುದರಿಂದ ಹೊಸ ಕೊಟ್ಟಿಗೆಗೆ ಸಾಲ ಪಡೆಯುವ ಮೊದಲು, ಗೋಬರ್ ಗ್ಯಾಸ್ ಗುಂಡಿ ತೋಡುವ ಮೊದಲು ಕೊಳವೆಯ ಗುರುತಿನ ಕಲ್ಲುಗಳು ಎಲ್ಲಿವೆಯೆಂದು ನೋಡಿಕೊಳ್ಳಿರಿ. ಜಮೀನು ಕೊಳ್ಳುವವರೂ ಈ ವಿಚಾರವನ್ನು ಕೇಳಿ ತಿಳಿದೇ ಕ್ರಯಪತ್ರ ಮಾಡಿಸಿಕೊಳ್ಳಿರಿ. ಅಧಿಸೂಚನೆ ಮತ್ತು ಪರಿಹಾರದ ಕಾಗದಗಳನ್ನು ಜಮೀನಿನ ದಾಖಲೆಗಳ ಜೊತೆಯಲ್ಲೇ ಜೋಪಾನವಾಗಿ ಇಟ್ಟುಕೊಳ್ಳಿರಿ.