ಸೊಲ್ಲಾಪುರದ ಭೋಂಗಾ ಮತ್ತು ಡಿಕನ್ಸನ ಕಾದಂಬರಿ

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದುವ ನಮ್ಮ ಕನ್ನಡದ ಹುಡುಗ ಹುಡುಗಿಯರ ಪಾಡನ್ನು ಸ್ವಲ್ಪ ಯೋಚಿಸಿ ನೋಡಿ. ಮನೆಯಲ್ಲಿ ಕನ್ನಡ; ಬಸ್ಸಿನಲ್ಲಿ, ಬಜಾರಿನಲ್ಲಿ, ಕಚೇರಿಯಲ್ಲಿ ಮರಾಠಿ; ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ. ಅಕ್ಕಲಕೋಟೆ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಮಹಾರಾಷ್ಟ್ರದ ಬಾಲಭಾರತಿಯೇ ಅವುಗಳಿಗೆ ಕನ್ನಡ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ. ಅಂಥ ಶಾಲೆಯಿಂದ ಬಂದ ಮಗು ನೇರವಾಗಿ ಚಾಸರ್, ಷೇಕ್ಸ್‌ಪಿಯರ್, ಡಿಕನ್ಸರ ಎದುರು ನಿಲ್ಲಬೇಕು. 2004ರಲ್ಲಿ ಸೊಲ್ಲಾಪುರಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂದ ಮೇಲೆ ಪ್ರತಿಯೊಂದಕ್ಕೂ ಕೊಲ್ಹಾಪುರದ ಕಡೆ ನೋಡುವುದು ತಪ್ಪಿತು. ಆದರೆ ತರಗತಿ ಶುರುವಾದ ದಿನ ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: "ಯಾವ ಗೈಡ್ ತಗೋಬೇಕ್ರಿ ಸರ್?"

ಗೈಡಿನಲ್ಲಿ ಎಲ್ಲವೂ ಇದೆ. ಚಾಸರ್ ಯುಗ, ಎಲಿಜಬೆತ್ ಯುಗ, ಪ್ಯೂರಿಟನ್ ಯುಗ, ರೊಮ್ಯಾಂಟಿಕ್ ಯುಗ, ವಿಕ್ಟೋರಿಯಾ ಯುಗ ಎಂದು ಸಾಲಾಗಿ, ಹೋಟಗಿ, ಅಕ್ಕಲಕೋಟೆ ರೋಡ್, ದುಧನಿ, ಗಾಣಗಾಪುರ ರೋಡ್ ಎಂದು ಸ್ಟೇಷನ್ನುಗಳ ಹೆಸರು ಬಂದ ಹಾಗೆ. ಪ್ರತಿ ಯುಗಕ್ಕೂ ಐದೈದು 'ಲಕ್ಷಣ'ಗಳು. ಕಾದಂಬರಿಗೆ ಎರಡು ಪುಟದ ಸಾರಾಂಶ. ಬಾಯಿಪಾಠ ಮಾಡಿದರೆ ಪಾಸು. ಕಾದಂಬರಿಯನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದೆ ಪದವಿ ಮುಗಿಸಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾಳೆ ಅವರೇ ಶಿಕ್ಷಕರಾಗುತ್ತಾರೆ ಎಂಬುದೇ ಚಿಂತೆಯ ವಿಷಯ.

ಈ ಯುಗಗಳು ಸೊಲ್ಲಾಪುರದಿಂದ ಅಷ್ಟೇನೂ ದೂರದಲ್ಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ನಮ್ಮ ಮಣ್ಣಿನ ಮೇಲೆ ನಿಂತು ನೋಡಿದರೆ ಅವು ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ಚಾಸರ್. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಆತ ಬರೆದ 'ಕ್ಯಾಂಟರ್ಬರಿ ಕಥೆಗಳು' ಎಂಬ ಕೃತಿಯಲ್ಲಿ ಸುಮಾರು ಮೂವತ್ತು ಜನ ಯಾತ್ರಿಕರು ಲಂಡನ್ನಿನಿಂದ ಕ್ಯಾಂಟರ್ಬರಿಗೆ ಹೊರಟಿದ್ದಾರೆ. 1170ರಲ್ಲಿ ರಾಜನ ಕಡೆಯವರಿಂದ ದೇವಾಲಯದಲ್ಲೇ ಹತರಾದ ಮಹಾಧರ್ಮಾಧ್ಯಕ್ಷ ಸಂತ ಥಾಮಸ್ ಬೆಕೆಟ್ಟರ ಸಮಾಧಿಗೆ ಅವರ ಯಾತ್ರೆ. ಸೈನಿಕ, ಹಿಟ್ಟಿನ ಗಿರಣಿಯವ, ಅಡಿಗೆಯವ, ಕನ್ಯಾಸ್ತ್ರೀ, ಸನ್ಯಾಸಿ ಎಲ್ಲರೂ ಒಂದೇ ದಾರಿಯಲ್ಲಿ, ಒಬ್ಬರ ಕಾಲು ಒಬ್ಬರು ಎಳೆಯುತ್ತ, ಕಥೆ ಹೇಳುತ್ತ ಸಾಗುತ್ತಾರೆ. ಆಷಾಢದಲ್ಲಿ ನಮ್ಮ ಜಿಲ್ಲೆಯ ಪಂಢರಪುರದ ದಾರಿ ತುಂಬಿ ಹರಿಯುವ ದಿಂಡಿಗಳನ್ನು ಕಂಡ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕೆ? ಇನ್ನೊಂದು ಮಾತು. ಬೆಕೆಟ್ಟರ ಶತಮಾನವೇ ಸೊಲ್ಲಾಪುರದ ಸಿದ್ಧರಾಮನ ಶತಮಾನ. ಚಾಸರ್ ಹುಟ್ಟುವ ಹೊತ್ತಿಗೆ ಸಿದ್ಧರಾಮನ ವಚನಗಳೂ ಜ್ಞಾನೇಶ್ವರಿಯೂ ಆಗಲೇ ಹಳೆಯವಾಗಿದ್ದವು. ಇದು ಜಂಬಕ್ಕೆ ಹೇಳುವ ಮಾತಲ್ಲ. ಇಂಗ್ಲಿಷ್ ಸಾಹಿತ್ಯವೆಂದರೆ ಮುದುರಿ ಕೂಡುವ ಮಗು ಒಂದಿಷ್ಟು ನೆಟ್ಟಗೆ ಕೂಡಲಿ ಎಂದು ಹೇಳುವ ಮಾತು.

ಎಲಿಜಬೆತ್ ಯುಗವೆಂದರೆ ಎಲ್ಲರೂ ಷೇಕ್ಸ್‌ಪಿಯರನಿಗೆ ಕೈಮುಗಿಯುತ್ತಾರೆ, ಮುಗಿಯಲಿ. ಆದರೆ ಅದೇ ಯುಗದ ಇನ್ನೊಬ್ಬ ಇಂಗ್ಲಿಷಿನವರನ್ನು ಕಥೋಲಿಕರಾದ ನಾವೇ ಮರೆತಿದ್ದೇವೆ. ಅವರು ಯೇಸುಸಭೆಯ ಪೂಜ್ಯ ಥಾಮಸ್ ಸ್ಟೀಫನ್ಸ್. ಕಥೋಲಿಕರಿಗೆ ಇಂಗ್ಲೆಂಡಿನಲ್ಲಿ ಕಷ್ಟಕಾಲ ಬಂದಿದ್ದಾಗ ಅಲ್ಲಿಂದ ಹೊರಟು, ರೋಮಿನಲ್ಲಿ ಯೇಸುಸಭೆ ಸೇರಿ, 1579ರಲ್ಲಿ ಗೋವೆಗೆ ಬಂದರು. ಇಲ್ಲಿನ ಜನರ ಮಾತು ಕಲಿತರು. ಮರಾಠಿಯ ಓವಿ ಛಂದಸ್ಸಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪದ್ಯಗಳ 'ಕ್ರಿಸ್ತಪುರಾಣ' ಬರೆದರು. ಅದು ರಾಚೋಲಿನಲ್ಲಿ ಅಚ್ಚಾದದ್ದು 1616ರಲ್ಲಿ, ಷೇಕ್ಸ್‌ಪಿಯರ್ ತೀರಿಕೊಂಡ ವರ್ಷವೇ! 1907ರಲ್ಲಿ ಮಂಗಳೂರಿನ ಕಥೋಲಿಕರು ಅದನ್ನು ಮತ್ತೆ ಅಚ್ಚು ಹಾಕಿ ಉಳಿಸಿದರು. ವಾರಕರಿಗಳ ಓವಿಯಲ್ಲಿ ಯೇಸುಸ್ವಾಮಿಯ ಕಥೆ ಹೇಳಿದ ಈ ಇಂಗ್ಲಿಷ್ ಗುರುಗಳನ್ನು ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಗೈಡುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ.

ಮುಂದಿನ ಎರಡು ಶತಮಾನಗಳನ್ನು ಇಲ್ಲಿ ಹಾರಿಸಿಬಿಡೋಣ. ಹೇಳಬೇಕಾದ್ದು ಒಂದೇ. ಹದಿನೆಂಟನೆಯ ಶತಮಾನದ ದೊಡ್ಡ ಕವಿ ಅಲೆಕ್ಸಾಂಡರ್ ಪೋಪ್ ಕಥೋಲಿಕನಾಗಿದ್ದ ಕಾರಣಕ್ಕೇ ವಿಶ್ವವಿದ್ಯಾಲಯದ ಬಾಗಿಲು ಅವನಿಗೆ ಮುಚ್ಚಿತ್ತು. ಅವನು ಮನೆಯಲ್ಲಿ ಕುಳಿತೇ ಓದಿ ದೊಡ್ಡವನಾದ.

1798ರಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ತಂದ ಕವನ ಸಂಗ್ರಹದಿಂದ ರೊಮ್ಯಾಂಟಿಕ್ ಚಳವಳಿ ಆರಂಭವಾಯಿತೆಂದು ಗೈಡು ಹೇಳುತ್ತದೆ. ಸರಿ. ಆ ಚಳವಳಿಯ ಅಲೆ ನಮ್ಮ ದಡಕ್ಕೂ ಬಂತು. ಬಿ.ಎಂ.ಶ್ರೀ.ಯವರ 'ಇಂಗ್ಲಿಷ್ ಗೀತಗಳು' ಕನ್ನಡದ ನವೋದಯಕ್ಕೆ ದಾರಿ ತೆರೆಯಿತು. ಆ ನವೋದಯದ ಹಿರಿಯ ಕವಿ ದ.ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲೇ ಕನ್ನಡ ಪ್ರಾಧ್ಯಾಪಕರಾಗಿದ್ದರು. ಬೇಂದ್ರೆಯವರ ಮನೆಮಾತು ಮರಾಠಿ, ಅವರ ಕಾವ್ಯ ಕನ್ನಡ. ಇದೇ ಊರಿನ ಮಗಳು ಜಯದೇವಿತಾಯಿ ಲಿಗಾಡೆಯವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಆದರೂ ಸಿದ್ಧರಾಮನ ಮೇಲೆ ತ್ರಿಪದಿಯಲ್ಲಿ ಕನ್ನಡ ಮಹಾಕಾವ್ಯ ಬರೆದು, 1974ರಲ್ಲಿ ಮಂಡ್ಯದಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದರು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದು ಕೊರತೆ ಎಂದುಕೊಂಡ ಮಕ್ಕಳಿಗೆ ಈ ಇಬ್ಬರ ಹೆಸರನ್ನಾದರೂ ಹೇಳಬೇಡವೇ?

ಇನ್ನು ಕಾದಂಬರಿಗೆ ಬರೋಣ. ವಿಕ್ಟೋರಿಯಾ ಯುಗದ ಯಾವ ಕಾದಂಬರಿಯಿಂದ ಆರಂಭಿಸಬೇಕೆಂದು ಸೊಲ್ಲಾಪುರದವರು ಕೇಳಿದರೆ ನಾನು ಹೇಳುವುದು ಒಂದೇ ಹೆಸರು: ಚಾರ್ಲ್ಸ್ ಡಿಕನ್ಸನ 'ಹಾರ್ಡ್ ಟೈಮ್ಸ್'. 1854ರಲ್ಲಿ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದದ್ದು. ಆ ವರ್ಷದ ಆರಂಭದಲ್ಲಿ ಡಿಕನ್ಸ್ ಪ್ರೆಸ್ಟನ್ ಎಂಬ ಊರಿಗೆ ಹೋಗಿ ಅಲ್ಲಿನ ಹತ್ತಿ ಗಿರಣಿ ಕೆಲಸಗಾರರ ಮುಷ್ಕರವನ್ನು ಕಣ್ಣಾರೆ ಕಂಡು ಬಂದಿದ್ದ. ಕಾದಂಬರಿಯ ಊರು ಕೋಕ್‌ಟೌನ್: ಹೊಗೆ ಕೊಳವೆಗಳು, ಗಿರಣಿಗಳು, ಒಂದೇ ಹೊತ್ತಿಗೆ ಎದ್ದು ಒಂದೇ ಹೊತ್ತಿಗೆ ಕೆಲಸಕ್ಕೆ ಓಡುವ ಜನ.

ಇದು ಯಾರ ಊರು? 1877ರಲ್ಲಿ ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ಎದ್ದಿತು. ಆಮೇಲೆ ನರಸಿಂಗ ಗಿರ್ಜಿ, ಲಕ್ಷ್ಮಿ, ವಿಷ್ಣು ಮುಂತಾದ ಗಿರಣಿಗಳು ಬಂದವು. ತೆಲುಗು, ಕನ್ನಡ, ಮರಾಠಿ, ಉರ್ದು ಮಾತಾಡುವ ಸಾವಿರಾರು ಕುಟುಂಬಗಳು ಗಿರಣಿಯ ಭೋಂಗಾ ಕೇಳಿ ಎದ್ದವು, ಭೋಂಗಾ ಕೇಳಿ ಉಂಡವು. ಆ ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಹೋದವರು ಪವರ್‌ಲೂಮಿಗೆ ಹೋದರು, ಹಮಾಲಿಗೆ ಹೋದರು. ಎಷ್ಟೋ ಮನೆಗಳನ್ನು ಹೆಂಗಸರು ಬೀಡಿ ಕಟ್ಟಿ ನಡೆಸಿದರು. ಕಾದಂಬರಿಯ ಸ್ಟೀಫನ್ ಬ್ಲ್ಯಾಕ್‌ಪೂಲ್ ಸಹ ಪವರ್‌ಲೂಮ್ ನೇಕಾರನೇ. ಪ್ರಾಮಾಣಿಕ. ಮಾಲೀಕನಿಗೂ ಬೇಡವಾಗಿ, ಸಂಘದವರಿಗೂ ಬೇಡವಾಗಿ, ಮಾಡದ ಕಳ್ಳತನದ ಅಪವಾದ ಹೊತ್ತು, ಊರಿಗೆ ಮರಳುವ ದಾರಿಯಲ್ಲಿ ಪಾಳುಬಿದ್ದ ಗಣಿಯ ಗುಂಡಿಗೆ ಬೀಳುತ್ತಾನೆ. ದಿನಗಟ್ಟಲೆ ಅಲ್ಲೇ ಬಿದ್ದು, ಮೇಲೆ ಕಾಣುವ ಒಂದು ನಕ್ಷತ್ರವನ್ನು ನೋಡುತ್ತ ಮನಸ್ಸು ತಿಳಿಮಾಡಿಕೊಳ್ಳುತ್ತಾನೆ. ಆ ಅಧ್ಯಾಯವನ್ನು ಓದುವಾಗ ಗಿರಣಿ ಕಂಡ ಮನೆಯವರಿಗೆ ಯಾವ ಗೈಡೂ ಬೇಕಾಗುವುದಿಲ್ಲ.

ಆದರೆ ಕಾದಂಬರಿ ಶುರುವಾಗುವುದು ಗಿರಣಿಯಲ್ಲಲ್ಲ, ಶಾಲೆಯಲ್ಲಿ. ಗ್ರ್ಯಾಡ್‌ಗ್ರೈಂಡ್ ಎಂಬ ದೊಡ್ಡ ಮನುಷ್ಯ ಮಕ್ಕಳ ತಲೆಗೆ ಬರೀ ಮಾಹಿತಿ ತುಂಬಬೇಕು, ಕಲ್ಪನೆಯನ್ನು ಹತ್ತಿರ ಸೇರಿಸಬಾರದು ಎನ್ನುವವನು. ಸರ್ಕಸ್ಸಿನ ಹುಡುಗಿ ಸಿಸ್ಸಿ ಜೂಪ್‌ಳನ್ನು ನಿಲ್ಲಿಸಿ, ಕುದುರೆ ಎಂದರೇನು ಹೇಳು ಎನ್ನುತ್ತಾನೆ. ಕುದುರೆಗಳ ನಡುವೆಯೇ ಬೆಳೆದ ಹುಡುಗಿ ಬಾಯಿ ಬಿಡಲಾರಳು. ಬಿಟ್ಜರ್ ಎಂಬ ಹುಡುಗ ಎದ್ದು ನಿಂತು ಹಲ್ಲೆಷ್ಟು, ಗೊರಸು ಹೇಗೆ ಎಂದು ಪಟಪಟನೆ ಒಪ್ಪಿಸಿ ಶಹಭಾಸ್ ಎನ್ನಿಸಿಕೊಳ್ಳುತ್ತಾನೆ. ವಿಕ್ಟೋರಿಯಾ ಯುಗದ ಐದು ಲಕ್ಷಣ ಒಪ್ಪಿಸುವ ನಮ್ಮ ವಿದ್ಯಾರ್ಥಿ ಈ ಇಬ್ಬರಲ್ಲಿ ಯಾರು? ಉರು ಹೊಡೆಯುವ ವಿದ್ಯೆಯನ್ನು ಅಣಕಿಸಿದ ಕಾದಂಬರಿಯ ಸಾರಾಂಶವನ್ನೇ ನಾವು ಉರು ಹೊಡೆಸುತ್ತಿದ್ದೇವೆ!

ತಂದೆತಾಯಿಯರು ಗಮನಿಸಬೇಕಾದ ಭಾಗವೂ ಒಂದಿದೆ. ಗ್ರ್ಯಾಡ್‌ಗ್ರೈಂಡ್ ಕೆಟ್ಟವನಲ್ಲ, ಮಕ್ಕಳ ಹಿತವನ್ನೇ ಬಯಸಿದವನು. ಲೆಕ್ಕಾಚಾರ ಹಾಕಿ, ಮಗಳು ಲೂಯಿಸಾಳನ್ನು ಅವಳಿಗಿಂತ ಮೂವತ್ತು ವರ್ಷ ದೊಡ್ಡವನಾದ ಸಾಹುಕಾರ ಬೌಂಡರ್ಬಿಗೆ ಕೊಡುತ್ತಾನೆ. ಕೊನೆಗೊಂದು ರಾತ್ರಿ ಅವಳು ತವರಿಗೆ ಓಡಿ ಬಂದು, ನನ್ನ ಮನಸ್ಸನ್ನು ನೀವೇಕೆ ಬೆಳೆಯಗೊಡಲಿಲ್ಲ ಎಂದು ಕೇಳಿ, ಅಪ್ಪನ ಕಾಲ ಬಳಿ ಕುಸಿಯುತ್ತಾಳೆ. ಕಾದಂಬರಿಯ ಮೂರು ಭಾಗಗಳಿಗೆ ಡಿಕನ್ಸ್ ಇಟ್ಟ ಹೆಸರುಗಳು ಬಿತ್ತನೆ, ಕೊಯ್ಲು, ಕಣಜ ತುಂಬುವಿಕೆ ಎಂಬ ಅರ್ಥದವು. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರ ಓದಿದವರಿಗೆ ಈ ಹೆಸರುಗಳ ಬೇರು ತಿಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಡಿಕನ್ಸನನ್ನು ಒಪ್ಪುವುದಿಲ್ಲ. ಕಾರ್ಮಿಕ ಸಂಘದ ನಾಯಕನನ್ನು ಅವನು ಬರೀ ಬಾಯಿಬಡುಕನನ್ನಾಗಿ ಚಿತ್ರಿಸಿದ್ದಾನೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾದಾಗ ಬೀದಿಗಿಳಿದ ಸೊಲ್ಲಾಪುರದ ಗಿರಣಿ ಕೆಲಸಗಾರರನ್ನು ಅವನು ಕಂಡಿದ್ದರೆ ಹಾಗೆ ಬರೆಯುತ್ತಿರಲಿಲ್ಲವೇನೋ. ಆಗ ಊರಿನ ಮೇಲೆ ಮಾರ್ಷಲ್ ಲಾ ಹೇರಲಾಯಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ನಾಲ್ವರನ್ನೂ ಗಲ್ಲಿಗೇರಿಸಿದರು. ಕೆಲಸಗಾರರು ಸಂಘ ಕಟ್ಟಿಕೊಳ್ಳುವುದು ಅವರ ಸಹಜ ಹಕ್ಕು ಎಂದು ಹದಿಮೂರನೆಯ ಲಿಯೋ ಜಗದ್ಗುರುಗಳು 1891ರ ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದರು. 2025ರಲ್ಲಿ ಆಯ್ಕೆಯಾದ ಈಗಿನ ಜಗದ್ಗುರುಗಳು ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದರ ಹಿಂದೆಯೂ ಆ ಪತ್ರದ ನೆನಪಿದೆ. ಒಂದು ಹಳೆಯ ಕಾದಂಬರಿಯೊಡನೆ ಹೀಗೆ ಜಗಳವಾಡಬಹುದು ಎಂದು ವಿದ್ಯಾರ್ಥಿಗೆ ಗೊತ್ತಾದರೆ ಅವನ ಓದು ಆರಂಭವಾಯಿತೆಂದು ತಿಳಿಯಿರಿ.

ಇದೇ ಯುಗದಲ್ಲಿ ಬರುವ 'ಆಕ್ಸ್‌ಫರ್ಡ್ ಚಳವಳಿ' ಗೈಡಿನಲ್ಲಿ ಐದು ಅಂಕದ ಟಿಪ್ಪಣಿ. ಅದರ ಮುಂದಾಳು ಜಾನ್ ಹೆನ್ರಿ ನ್ಯೂಮನ್ 1845ರಲ್ಲಿ ಕಥೋಲಿಕರಾದರು, ಕಾರ್ಡಿನಲ್ ಆದರು, 2019ರಲ್ಲಿ ಸಂತರೆಂದು ಘೋಷಿತರಾದರು. ನಮ್ಮ ಮನೆಯ ಮಕ್ಕಳಿಗೆ ಅದು ಐದು ಅಂಕಕ್ಕಿಂತ ಹೆಚ್ಚಿನದಾಗಬೇಕು.

ಇಷ್ಟು ದಪ್ಪ ಇಂಗ್ಲಿಷ್ ಪುಸ್ತಕ ಹೇಗೆ ಓದುವುದು ಎಂದು ಕೇಳುವವರಿಗೆ ಜಗದ್ಗುರು ಫ್ರಾನ್ಸಿಸರ ಅನುಭವ ಹೇಳುತ್ತೇನೆ. 2024ರಲ್ಲಿ ಸಾಹಿತ್ಯದ ಓದನ್ನು ಕುರಿತೇ ಅವರು ಒಂದು ಪತ್ರ ಬರೆದರು. 1964-65ರಲ್ಲಿ ಅರ್ಜೆಂಟೀನಾದ ಸಾಂತಾ ಫೆ ಊರಿನ ಯೇಸುಸಭೆಯ ಶಾಲೆಯಲ್ಲಿ ಸಾಹಿತ್ಯ ಕಲಿಸುತ್ತಿದ್ದಾಗ, ಹುಡುಗರಿಗೆ ಹಳೆಯ ಸ್ಪ್ಯಾನಿಷ್ ವೀರಕಾವ್ಯ ಬೇಡವಾಗಿತ್ತು. ಹೊಸ ಕವಿ ಲೋರ್ಕಾ ಬೇಕಾಗಿತ್ತು. ಹಳೆಯದನ್ನು ಮನೆಯಲ್ಲಿ ಓದಿ, ತರಗತಿಯಲ್ಲಿ ನಿಮಗಿಷ್ಟವಾದವರ ಬಗ್ಗೆ ಮಾತಾಡೋಣ ಎಂದರು ಫ್ರಾನ್ಸಿಸ್. ನಮ್ಮವರೂ ಹಾಗೆ ಮಾಡಲಿ. ಇಂಗ್ಲಿಷ್ ಕಠಿಣವಾದರೆ ಮೊದಲು 1857ರ 'ಯಮುನಾ ಪರ್ಯಟನ' ಓದಲಿ. ವಿಧವೆಯರ ಕಷ್ಟ ಕುರಿತ ಈ ಕೃತಿಯನ್ನು ಮರಾಠಿಯ ಮೊದಲ ಕಾದಂಬರಿ ಎನ್ನುತ್ತಾರೆ. ಬರೆದವರು ಬೆಳಗಾವಿಯಲ್ಲಿ ಹುಟ್ಟಿ ಕ್ರೈಸ್ತರಾದ ಬಾಬಾ ಪದಮನಜಿ.

ಆಮೇಲೆ ಡಿಕನ್ಸ್. ಈ ಪುಸ್ತಕ ಮೊಬೈಲಿನಲ್ಲಿ ಉಚಿತವಾಗಿಯೇ ಸಿಗುತ್ತದೆ. ಒಟ್ಟು 37 ಅಧ್ಯಾಯ, ಹೆಚ್ಚಿನವು ಚಿಕ್ಕವು. ಮೊದಲು ಅದು ವಾರವಾರ ಕಂತಿನಲ್ಲಿ ಬಂದದ್ದೇ ಆದ್ದರಿಂದ ವಾರಕ್ಕೆ ಎರಡು ಅಧ್ಯಾಯ ಸಾಕು. ಒಬ್ಬರು ಗಟ್ಟಿಯಾಗಿ ಓದಿ ಕನ್ನಡದಲ್ಲೋ ಮರಾಠಿಯಲ್ಲೋ ಕಥೆ ಹೇಳಿದರೆ, ಗಿರಣಿಯಲ್ಲಿ ಪಾಳಿ ಮಾಡಿದ ಅಜ್ಜನಿಗೂ ಹೇಳುವುದಕ್ಕೆ ಮಾತಿರುತ್ತದೆ. ಜೂನ್ ನಡುವಿನಲ್ಲಿ ಶುರು ಮಾಡಿದರೆ ಅಕ್ಟೋಬರ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಗೈಡಿನ ಸಾರಾಂಶವನ್ನು ಆಗ ಬೇಕಾದರೆ ಓದಲಿ, ಅದರಲ್ಲಿ ಏನೇನು ಬಿಟ್ಟುಹೋಗಿದೆ ಎಂದು ನೋಡುವುದಕ್ಕೆ.